ಪರೀಕ್ಷೆಗೊಂದು ತಲೆ

“ರೀ... ನಿಮ್ಮ ತಲೆ ಒಂದು ಗಂಟೆ ಕೊಡ್ತೀರಾ?”

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದವನು ಬೆಚ್ಚಿ ನೋಡಿದ. ಕತ್ತಿನವರೆಗೆ ಇಳಿದ ಗುಂಗುರು ಕೂದಲು, ಮೊಣಕೈಗೆ ಮೆತ್ತಿದ ಪೈಪಿನ ಅಂಟು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ!

“ಅಂದ್ರೆ... ಸೋಮವಾರ ಕೂದಲು ಕತ್ತರಿಸೋ ಪರೀಕ್ಷೆ. ಎಲ್ಲರೂ ಒಬ್ಬೊಬ್ಬ ಸ್ನೇಹಿತರನ್ನ ಕರ್ಕೊಂಡು ಬರಬೇಕು. ನನಗೆ... ಇಲ್ಲಿ ಯಾರೂ ಇಲ್ಲ.”

ಹೇಳಿ ನಾಲಿಗೆ ಕಚ್ಚಿಕೊಂಡಳು. ಮೂವತ್ತೆರಡನೇ ವಯಸ್ಸಿಗೆ ಕಸುಬು ಕಲಿಸುವ ಸಮುದಾಯ ಕಾಲೇಜಿನ ಬ್ಯೂಟಿಷಿಯನ್ ಕ್ಲಾಸು ಸೇರಿ, ಆರು ತಿಂಗಳಾದರೂ ಒಬ್ಬರ ಜೊತೆಯೂ ಡಬ್ಬಿ ಹಂಚಿಕೊಂಡು ಉಣ್ಣದವಳು. ತಲೆ ತರದಿದ್ದರೆ ಪರೀಕ್ಷೆಯಿಲ್ಲ. ಪರೀಕ್ಷೆಯಿಲ್ಲದಿದ್ದರೆ ಸಲೂನಿನ ಕೆಲಸವಿಲ್ಲ, ಮತ್ತೆ ಅತ್ತಿಗೆ ಮನೆಯ ಮೂಲೆಯೇ ಗತಿ.

“ನಾನು ಪ್ಲಂಬಿಂಗ್ ಕ್ಲಾಸಿನವನು. ಹಾಳಾದ್ರೆ ಟೋಪಿ ಹಾಕ್ಕೋತೀನಿ ಬಿಡಿ!” ಎಂದು ಅವನು ನಕ್ಕ.

ಆಮೇಲೆ ನಾಲ್ಕು ದಿನ ಒಂದೇ ಮೇಜಿನಲ್ಲಿ ಚಹಾ. ಅವನು ಸೋರುವ ನಲ್ಲಿಗಳ ಕಥೆ ಹೇಳುತ್ತಿದ್ದರೆ ಅವಳ ಕಣ್ಣು ಅವನ ಗುಂಗುರಿನಲ್ಲೇ. ಪರೀಕ್ಷೆಗೋಸ್ಕರ... ಅಷ್ಟೇ... ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು. ಮನೆಯಲ್ಲಿ ನಿಂತಲ್ಲಿ ನಿಲ್ಲಲಾರಳು, ಕೂತಲ್ಲಿ ಕೂರಲಾರಳು.

ಸೋಮವಾರ ಎಲ್ಲ ಕುರ್ಚಿಗಳೂ ತುಂಬಿದವು. ಅವಳದೊಂದೇ ಖಾಲಿ. ಟವೆಲ್ ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು. ಬರ್ತಾನಾ? ಬರದಿದ್ರೆ?

ಬಂದ! ಇಸ್ತ್ರಿ ಮಾಡಿದ ಶರ್ಟು, ಘಮ್ಮೆನ್ನುವ ಸೆಂಟು... ಆದರೆ ತಲೆಯಲ್ಲಿ ಬಾಚಣಿಗೆಗೆ ಸಿಗುವಷ್ಟೂ ಕೂದಲಿಲ್ಲ! ಬೇರೆಲ್ಲೋ ಕತ್ತರಿಸಿಕೊಂಡು ಬಂದಿದ್ದ!

ಅವಳ ಕಣ್ಣು ತುಂಬಿತು. “ತಮಾಷೆನಾ ನಿಮಗೆ? ಯಾರೂ ದಿಕ್ಕಿಲ್ಲದವಳು ಅಂತ ತಾನೇ? ಹೋಗಿ!”

ಅವನ ಕೈ ತಲೆಯ ಮೇಲೆ ಹೋಯಿತು. “ಅಯ್ಯೋ... ನಾನೆಂಥ ಕತ್ತೆ!” ಎಂದವನೇ ಓಡಿಬಿಟ್ಟ.

“ಶುರುವಾಗೋಕೆ ಇನ್ನು ಐದೇ ನಿಮಿಷ, ಅಮ್ಮಾ,” ಎಂದರು ಪರೀಕ್ಷಕಿ. ಅವಳು ಕತ್ತರಿಗಳನ್ನು ಚೀಲಕ್ಕೆ ತುಂಬತೊಡಗಿದಳು. ನಂಬಿದ್ದೇ ತಪ್ಪು...

ಹೊರಗೆ ದಡದಡ ಸದ್ದು. ಪ್ಲಂಬಿಂಗ್ ಕ್ಲಾಸಿಗೆ ಕ್ಲಾಸೇ ಬಾಗಿಲಲ್ಲಿ! ಮುಂದೆ ಅವನು, ಏದುಸಿರು ಬಿಡುತ್ತಾ.

“ಯಾವ ತಲೆ ಬೇಕೋ ಆರಿಸ್ಕೊಳ್ಳಿ!”

ಭುಜದವರೆಗೆ ಕೂದಲು ಬಿಟ್ಟಿದ್ದ ದಢೂತಿ ಆಸಾಮಿಯೊಬ್ಬ ಬಂದು ಕುರ್ಚಿಯಲ್ಲಿ ಕೂತ. “ಮೂರು ವರ್ಷದ ಬೆಳೆ, ಅಕ್ಕಾ. ಕಿವಿ ಮಾತ್ರ ಉಳಿಸಿ!”

ಅಳುತ್ತಲೇ ನಕ್ಕಳು. ಕತ್ತರಿ ಹಿಡಿದ ಮೇಲೆ ಒಂದೊಂದು ಎಳೆಯೂ ಅಳತೆಗೆ ಸರಿಯಾಗಿ ಬಿತ್ತು. ಪರೀಕ್ಷಕಿ ಸಹಿ ಹಾಕಿದಾಗ ಪ್ಲಂಬರುಗಳೆಲ್ಲ ಶಿಳ್ಳೆ ಹೊಡೆದರು. “ನಾಳೆಯಿಂದ ಊಟಕ್ಕೆ ನಮ್ಮ ಜೊತೆ, ಅಕ್ಕಾ!”

ಅವನು ಮಾತ್ರ ಮೆಟ್ಟಿಲ ಬಳಿ ತಪ್ಪಿತಸ್ಥನಂತೆ ನಿಂತಿದ್ದ.

“ಯಾಕೆ ಹೀಗೆ ಮಾಡಿದ್ರಿ?”

“ಒಂದು ಗಂಟೆ ನೀವು ನನ್ನನ್ನೇ ನೋಡ್ತಾ ಇರ್ತೀರಲ್ಲ... ಚೆನ್ನಾಗಿ ಕಾಣಬೇಕು ಅನ್ನಿಸ್ತು. ಆ ಖುಷೀಲಿ ಪರೀಕ್ಷೆ ಯಾವುದಕ್ಕೆ ಅನ್ನೋದೇ ಮರೆತೋಯ್ತು.” ಅವನು ತಲೆ ತಗ್ಗಿಸಿದ. “ನೀವಂದ್ರೆ ನನಗಿಷ್ಟ ಕಣ್ರೀ.”

ಅವಳ ಬೆರಳು ಮೆಲ್ಲಗೆ ಆ ಬೋಳುತಲೆ ಸವರಿತು.

“ಇದು ಬೆಳೆಯೋಕೆ ಎರಡು ತಿಂಗಳಾದ್ರೂ ಬೇಕು.”

“ಅಲ್ಲೀವರೆಗೆ ಕಾಯ್ತೀರಾ?”

“ಕಾಯಲ್ಲ... ಎಷ್ಟು ಬೆಳೀತು ಅಂತ ದಿನಾ ಬಂದು ನೋಡ್ತೀನಿ!”