ಹುಳುಮನೆಯ ಗೋಡೆ

"ಇದು ಗೋಡೆಯೇನಮ್ಮ ಲೋಹಿತಾ? ಹಪ್ಪಳ ಕಣಮ್ಮ, ಹಪ್ಪಳ."

ಸಿದ್ದಗಂಗಮ್ಮ ರೇಷ್ಮೆ ಹುಳುಮನೆಯ ತಗಡಿನ ಶೀಟ್ ಗೋಡೆಯ ಬುಡಕ್ಕೆ ಹೆಬ್ಬೆರಳು ಒತ್ತಿದರು. ಬೆರಳು ತೂರಿಕೊಂಡು ಹೊರಗಿನ ಬಿಸಿಲಿಗೆ ಹೋಯಿತು. ಬಿಳಿ ಪುಡಿ, ತುಕ್ಕು ಎರಡೂ ಬೆರೆತು ಸೊಸೆಯ ಪಾದದ ಮೇಲೆ ಉದುರಿದವು...

ಕೊಳಾಲದ ಆ ಮನೆಯಲ್ಲಿ ಅಂದು ಬೆಳಿಗ್ಗೆಯಿಂದ ಯಾರೂ ಕಾಫಿ ಕುಡಿದಿರಲಿಲ್ಲ. ನಾಲ್ಕನೇ ಜ್ವರ ಎದ್ದು, ಕೊನೆಯ ಪೊರೆಯನ್ನೂ ಕಳಚಿ, ಇನ್ನು ನಾಲ್ಕು ದಿನಕ್ಕೆ ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳ ಮೈಮೇಲೆಲ್ಲ ಕಪ್ಪು ಚುಕ್ಕೆ. ಗೋಡೆಬುಡದ ತೂತುಗಳಿಂದ ಊಜಿ ನೊಣ ನುಗ್ಗಿ ಹುಳುಗಳ ಮೇಲೆ ಮೊಟ್ಟೆಯಿಟ್ಟಿತ್ತು, ಇನ್ನು ಅವು ಗೂಡು ಕಟ್ಟುವಂತಿರಲಿಲ್ಲ. ತಾನೇ ಸೊಪ್ಪು ಕತ್ತರಿಸಿ ಹಾಕಿ ಸಾಕಿದ ಹುಳುಗಳನ್ನು ಲೋಹಿತಾ ಮಂಕರಿಗಟ್ಟಲೆ ಗುಂಡಿಗೆ ಸುರಿದಿದ್ದಳು. ಸುರಿಯುವಾಗಲೂ ಅವು ಸೊಪ್ಪು ಮೇಯುತ್ತಲೇ ಇದ್ದವು. ಸಣ್ಣ ಮಳೆ ಹನಿಯುವಂಥ ಆ ಸದ್ದು ಮಣ್ಣು ಎಳೆದ ಮೇಲೂ ಅವಳ ಕಿವಿಯಲ್ಲಿ ಉಳಿದಿತ್ತು.

"ತುಮಕೂರಿಂದ ತರಾಣ ಅಂದೆ, ಕೇಳಿದ್ಯಾ? ಮಧುಗಿರೀಲಿ ನಮ್ಮಣ್ಣಂದೇ ಅಂಗಡಿ ಐತೆ ಅಂದೆ ನೀನು. ಗೋಡೆ ಎದ್ದು ಎಲ್ಡು ವರ್ಷ ತುಂಬಿಲ್ಲ."

"ಅವನು ಹಂಗೆ ಮಾಡೋನಲ್ಲ ಅತ್ತೆ. ಅವನಿಗೇ ಯಾರೋ ಮೋಸ ಮಾಡಿರ್ತಾರೆ. ನಾಳೆ ಹೋಗಿ ಕೇಳ್ತೀನಿ."

"ಕೇಳ್ಕೊಂಡು ಬಾ. ನಿನ್ನ ಮಾತು ನಂಬಿ ಗೋಡೆ ಎಬ್ಬಿಸ್ದೆ. ಇನ್ಮುಂದೆ ಈ ಮನೇಲಿ ನಿನ್ನ ಮಾತು ನಡೀಬೇಕಾ ಬ್ಯಾಡ್ವಾ, ಅದನ್ನೂ ತಿಳ್ಕೊಂಡು ಬಾ."

ಮರುದಿನ ಮಧುಗಿರಿಯ ಬಸ್ಸಿನಲ್ಲಿ ಲೋಹಿತಾ ಕಿಟಕಿಗೆ ತಲೆಯಾನಿಸಿ ಕುಳಿತಳು. ಅಜ್ಜಿ ಹೇಳುತ್ತಿದ್ದ ಕಥೆಯೊಂದರಲ್ಲಿ ಏಳು ಜನ ಅಣ್ಣಂದಿರು ಒಬ್ಬಳೇ ತಂಗಿಗಾಗಿ ಒಂಟಿಕಂಬದ ಅರಮನೆ ಕಟ್ಟುತ್ತಿದ್ದರು, ಗಾಳಿಯೂ ಅಪ್ಪಣೆ ಕೇಳಿ ಒಳಗೆ ಬರಬೇಕಾದ ಅರಮನೆ. ಏಳು ಜನ ಯಾಕೆ, ನನಗೆ ನಮ್ಮಣ್ಣ ನಾಗಭೂಷಣ್ ಒಬ್ಬನೇ ಸಾಕು ಎಂದುಕೊಂಡು ಬೆಳೆದ ಹುಡುಗಿ ಅವಳು. ಅವನೂ ಹಾಗೇ ಇದ್ದ... ಬೆಟ್ಟ ಹತ್ತುವಾಗ ಅವಳ ಕಾಲಿಗೆ ಮುಳ್ಳು ಚುಚ್ಚಿದರೆ ಕೆಳಗಿನವರೆಗೂ ಹೊತ್ತು ತಂದವನು!

ಅಂಗಡಿ ಮುಂದೆ ಸಾಲಾಗಿ ನಿಲ್ಲಿಸಿದ್ದ ಶೀಟುಗಳ ಹಿಂದೆ ಅವಳು ಚಪ್ಪಲಿ ಬಿಡುತ್ತಿದ್ದಳು. ಒಳಗೆ ಅಣ್ಣ ಯಾರೋ ರೈತನಿಗೆ ಹೇಳುತ್ತಿದ್ದ.

"ಹುಳುಮನೆಗಾ? ಹಂಗಾದ್ರೆ ಈ ಬೆಳ್ಳಗೆ ಹೊಳೆಯೋದು ಬ್ಯಾಡ ಯಜಮಾನ್ರೆ. ಅಲ್ಯೂಮಿನಿಯಂ, ಜಿಂಕ್ ಎರಡೂ ಸೇರಿಸಿ ಲೇಪ ಮಾಡಿರೋದು. ಚಾವಣಿಗೆ ಬಂಗಾರದಂಥ ಮಾಲು. ಆದ್ರೆ ನೀವು ಬೆಳೆ ಬೆಳೆಗೂ ಸುಣ್ಣ, ಬ್ಲೀಚಿಂಗ್ ಪೌಡರ್ ಹೊಡೀತೀರಲ್ಲ, ಗೋಡೆಗೆ ಹಾಕಿದ್ರೆ ಬುಡದಿಂದ ತಿಂದ್ಬುಡ್ತದೆ. ಎರಡೂ ಮಗ್ಗುಲು ದಪ್ಪ ಬಣ್ಣ ಇರೋ ಕಲರ್ ಶೀಟ್ ತಗೊಳ್ಳಿ. ಬುಡದಲ್ಲಿ ಎರಡು ಸಾಲು ಇಟ್ಟಿಗೆ ಕಟ್ಟಿ, ಅದರ ಮೇಲೆ ನಿಲ್ಲಿಸಿ."

ರೈತ ಕೈಮುಗಿದು ಹೊರಟ. ಲೋಹಿತಾ ಒಳಗೆ ಬಂದಳು.

"ನಮಗೂ ಆ ಬೆಳ್ಳಗಿಂದೇ ಕೊಟ್ಟಿದ್ಯಲ್ಲ. ಇದು ನಿನಗೆ ಯಾವಾಗ ಗೊತ್ತಾಯ್ತಣ್ಣ?" ಈಚೆಗೆ ಗೊತ್ತಾಯಿತು ಅಂತ ಹೇಳಲಿ ಎಂದು ಅವಳ ಜೀವ ಬೇಡುತ್ತಿತ್ತು.

ನಾಗಭೂಷಣ್ ಕೈಯಲ್ಲಿದ್ದ ಅಳತೆ ಟೇಪನ್ನು ಎಳೆದ, ಬಿಟ್ಟ. "ಮೊದಲಿಂದ್ಲೂ ಗೊತ್ತು."

"ನಾನು ಹುಳುಮನೆಗೆ ಅಂತ ಹೇಳಿದ್ದೆ. ಸುಣ್ಣದ ವಿಷಯಾನೂ ಹೇಳಿದ್ದೆ."

"ಹೇಳಿದ್ದೆ ಬಿಡು. ಅವಾಗ ಆ ಮಾಲು ಗೋಡೌನಲ್ಲಿ ಕೂತ್ಬುಟ್ಟಿತ್ತು, ಯಾರೂ ಮುಟ್ತಿರಲಿಲ್ಲ. ಹೊರಗಿನವರಿಗೆ ಕೊಟ್ರೆ ನಾಳೆ ಶೀಟ್ ತಂದು ಅಂಗಡಿ ಮುಂದೆ ಬಿಸಾಕ್ತಾರೆ. ನೀನು ನಮ್ಮೋಳು... ಹೆಂಗೋ ಅನುಸರಿಸ್ಕೊಂಡು ಹೋಗ್ತೀಯ ಅಂತ..."

ನಮ್ಮೋಳು. ಲೋಹಿತಾ ಮೂಲೆಯಲ್ಲಿ ಕುಳಿತಿದ್ದ ತಂದೆಯ ಕಡೆ ನೋಡಿದಳು. ನಂದೀಶ್ವರಯ್ಯ ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸತೊಡಗಿದರು. ಅವರಿಗೂ ಗೊತ್ತಿತ್ತು!

"ಆಗಿದ್ದು ಆಗೋಯ್ತು ಮಗಳೇ. ನಿಜ ಗೊತ್ತಾದ್ರೆ ಸೀಮೆಲೆಲ್ಲ ಹಬ್ಬಿಸ್ತಾಳೆ ನಿಮ್ಮತ್ತೆ. ಮೂವತ್ತು ವರ್ಷದ ಹೆಸರು ಈ ಅಂಗಡಿದು. ಹುಳುಮನೆಗೆ ಅಂತ ಅಣ್ಣಂಗೆ ಹೇಳೋದು ನಾನೇ ಮರೆತೆ ಅಂತ ಅವಳಿಗೆ ಅಂದ್ಬುಡು. ಒಂದು ಮಾತು ಅಷ್ಟೇ. ಒಂದಿನ ಬೈತಾಳೆ, ಸುಮ್ನಾಗ್ತಾಳೆ."

"ನನ್ನ ಮಾತಿಗೆ ಹೆಸರು ಬೇಡ್ವಾ ಅಪ್ಪಾಜಿ?"

ಅಣ್ಣ ತರಿಸಿದ ಟೀ ಮೇಜಿನ ಮೇಲೆ ಕೆನೆಗಟ್ಟಿತು.

ಕೊಳಾಲಕ್ಕೆ ಮರಳುವ ದಾರಿಯುದ್ದಕ್ಕೂ ಅವಳು ಆ ಸುಳ್ಳನ್ನು ತುಟಿಯೊಳಗೇ ಹೇಳಿ ನೋಡಿದಳು. ಹೇಳಿದರೆ ತವರು ಉಳಿಯುತ್ತದೆ. ಹಬ್ಬಕ್ಕೆ ಅಮ್ಮ ಇಂದ್ರಮ್ಮನ ಕೈಯಡುಗೆ, ಅವಳ ಮಡಿಲಲ್ಲಿ ತಲೆಯಿಟ್ಟು ಮಲಗುವ ಮಧ್ಯಾಹ್ನಗಳು ಎಲ್ಲ ಉಳಿಯುತ್ತವೆ... ಅತ್ತೆ ಜಗುಲಿಯಲ್ಲೇ ಕಾದಿದ್ದರು.

"ಏನಂದ ನಿಮ್ಮಣ್ಣ?"

ಲೋಹಿತಾ ಕಂಬ ಹಿಡಿದು ನಿಂತಳು. "ನಾನು ಎಲ್ಲ ಹೇಳೇ ತಂದಿದ್ದೆ ಅತ್ತೆ. ಅವನಿಗೆ ಗೊತ್ತಿತ್ತು. ಅಪ್ಪಾಜಿಗೂ ಗೊತ್ತಿತ್ತು. ಗೊತ್ತಿದ್ದೇ ಕೊಟ್ರು."

ದಿನವಿಡೀ ಬೈಗುಳ ಜೋಡಿಸಿಕೊಂಡು ಕುಳಿತಿದ್ದ ಸಿದ್ದಗಂಗಮ್ಮನಿಗೆ ಅದರಲ್ಲಿ ಒಂದೂ ನೆನಪಾಗಲಿಲ್ಲ. ಸೊಸೆಯ ಮುಖವನ್ನೇ ನೋಡಿದರು. ಆಮೇಲೆ ಮೆಲ್ಲಗೆ, "ನಾನೂ ಒಂದು ತವರಿಂದ ಬಂದೋಳೇ ಕಣಮ್ಮ... ಹೋಗು, ಮುಖ ತೊಳ್ಕೊಂಡು ಬಾ. ಮುದ್ದೆ ಆರ್ತದೆ," ಎಂದರು. ಲೋಹಿತಾ ತಟ್ಟೆಯ ಮುಂದೆ ಕುಳಿತು ಮುದ್ದೆ ಮುರಿದಳು. ಮಧ್ಯಾಹ್ನದಿಂದ ತಡೆದಿದ್ದ ಅಳು ಅಲ್ಲಿ, ಅತ್ತೆಯ ಎದುರಿಗೆ ಒಡೆಯಿತು.

ಹದಿನೈದು ದಿನ ಬಿಟ್ಟು ಅವಳು ಮತ್ತೆ ಮಧುಗಿರಿಗೆ ಬಂದಳು, ಅಣ್ಣನ ಅಂಗಡಿಯ ಎದುರಿನ ಅಂಗಡಿಗೆ. ಕಲರ್ ಶೀಟಿನ ಎರಡೂ ಮಗ್ಗುಲನ್ನು ಬಿಸಿಲಿಗೆ ಹಿಡಿಸಿ ನೋಡಿದಳು, ಒಳಮೈಯ ಬಣ್ಣವನ್ನು ಉಗುರಿನಿಂದ ಗೀರಿದಳು. "ಹುಳುಮನೆ ಗೋಡೆಗೆ, ಸುಣ್ಣ ತಾಕುತ್ತದೆ ಅಂತ ಬಿಲ್ಲಿನಲ್ಲೇ ಬರೆದುಕೊಡಿ," ಎಂದಳು. ಅಣ್ಣನ ಹತ್ತಿರ ಬಿಲ್ಲನ್ನೇ ಕೇಳಿರಲಿಲ್ಲ.

ಲಗೇಜ್ ಆಟೋಗೆ ಶೀಟು ಏರುತ್ತಿದ್ದಾಗ ನಾಗಭೂಷಣ್ ರಸ್ತೆ ದಾಟಿ ಬಂದ. ಅವನ ಕಣ್ಣು ಕೆಂಪಾಗಿತ್ತು.

"ಬೀದೀಲಿ ಮಾನ ತೆಗೀತಿದ್ದೀಯಲ್ಲ ಲೋಹಿತಾ. ಇದೇ ಶೀಟು ನಮ್ಮ ಅಂಗಡೀಲೂ ಇತ್ತಲ್ಲಮ್ಮ..."

"ಇತ್ತಣ್ಣ," ಎಂದಳು ಲೋಹಿತಾ, ಆಟೋದ ಮುಂದಿನ ಸೀಟು ಹತ್ತುತ್ತಾ. "ಆವತ್ತೂ ಇತ್ತು."