ಮುಂದಿನ ಸೀಟು ಯಾರದು

"ಕೈ ತಗೀ ಚೇತು. ಇವತ್ತ ನಂದು."

"ಮಂಗಳವಾರ ನಂದು. ನೀನ ಹೇಳೀಯಲ್ಲ ಅಕ್ಕಾ, ಮಂಗಳವಾರ ನಂದಂತ."

ಇಂಡಿಕಾ ಕಾರಿನ ಮುಂದಿನ ಬಾಗಿಲ ಹಿಡಿಕೆಯ ಮೇಲೆ ಎರಡು ಕೈಗಳಿದ್ದವು. ಒಂದು ಏಳನೇ ಕ್ಲಾಸಿನ ಶಾಂಭವಿಯದು, ಇನ್ನೊಂದು ಮೂರನೇ ಕ್ಲಾಸಿನ ಅವಳ ತಮ್ಮ ಚೇತನಕುಮಾರನದು. ಒಳಗೆ ಸ್ಟೇರಿಂಗ್ ಹಿಡಿದು ಕೂತಿದ್ದ ಅಪ್ಪ ಗುರುಶಾಂತ ಇಬ್ಬರನ್ನೂ ನೋಡಿ ಆಕಳಿಸಿದ. ಮೇಲಿನ ಬಾಲ್ಕನಿಯಿಂದ ಅವ್ವ, "ಮಲ್ಕಾಜ್‌ಗಿರಿ ಮಂದಿಗೆಲ್ಲಾ ಕೇಳಂಗ ಒದರಬ್ಯಾಡ್ರಿ," ಎಂದು ತಾನೇ ಎಲ್ಲರಿಗೂ ಕೇಳುವಂತೆ ಕೂಗಿದಳು.

ಜಗಳವೇನೂ ಸಣ್ಣದಲ್ಲ. ಊರಿನ ಇನ್ನೊಂದು ಕೊನೆಯ ಮಾದಾಪುರದಲ್ಲಿ ಒಂದರ ಪಕ್ಕ ಒಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಲ್ಲಿನ ಆಫೀಸುಗಳಲ್ಲಿ ರಾತ್ರಿ ಪಾಳಿ ಮಾಡುವವರನ್ನು ಕರೆದೊಯ್ದು, ಕೆಲಸ ಮುಗಿದ ಮೇಲೆ ಒಬ್ಬೊಬ್ಬರನ್ನೇ ಮನೆಗೆ ಮುಟ್ಟಿಸುವ ಕ್ಯಾಬು ಅಪ್ಪನದು. ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಅವನು ಮತ್ತೆ ಹೊರಟಿರುತ್ತಿದ್ದ. ಭಾನುವಾರ ಮನೆಯಲ್ಲಿದ್ದರೆ ಕೋಣೆಯ ಬಾಗಿಲು ಹಾಕಿಕೊಂಡು ಮಲಗಿರುತ್ತಿದ್ದ, ಅವ್ವ ಮಿಕ್ಸಿ ಕೂಡ ಹಾಕುವಂತಿರಲಿಲ್ಲ. ಅಪ್ಪ ಎಚ್ಚರವಾಗಿ ಸಿಗುತ್ತಿದ್ದುದು ಬೆಳಿಗ್ಗೆ ಶಾಲೆಗೆ ಬಿಡುವ ಅಷ್ಟು ದಾರಿಯಲ್ಲಿ ಮಾತ್ರ.

ಮೊದಮೊದಲು ಅಕ್ಕ ತಮ್ಮ ಒಟ್ಟಿಗೇ ಮಾತಾಡುತ್ತಿದ್ದರು. ಅಪ್ಪ ಇಬ್ಬರಿಗೂ "ಹೂಂ, ಹೂಂ" ಅನ್ನುತ್ತಿದ್ದ, ಯಾರ ಮಾತೂ ಅವನ ತಲೆಗೆ ಹೋಗುತ್ತಿರಲಿಲ್ಲ. ಅದಕ್ಕೇ ಶಾಂಭವಿ ಒಂದು ರೂಲ್ ಮಾಡಿದ್ದಳು. ಮುಂದೆ ಕೂತವರು ಮಾತಾಡಬೇಕು, ಹಿಂದೆ ಕೂತವರು ಬಾಯಿ ಮುಚ್ಚಿಕೊಂಡಿರಬೇಕು. ಸೋಮವಾರ, ಬುಧವಾರ, ಶುಕ್ರವಾರ ಅವಳದು. ಉಳಿದವು ಚೇತುವಿನದು. ಎಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ನಿನ್ನೆ ಸೋಮವಾರ ಬಂದ್ ಆಗಿ ಶಾಲೆಯೇ ಇರಲಿಲ್ಲ, ಅಪ್ಪ ಬಂದವನೇ ಮಲಗಿಬಿಟ್ಟಿದ್ದ.

"ನಿನ್ನೆ ನನ್ನ ಪಾಳಿ ಹೋತು. ಅದನ್ನ ಇವತ್ತ ಕೊಡಬೇಕು," ಎಂದಳು ಶಾಂಭವಿ.

"ಬಂದ್ ನಾ ಮಾಡೀನೇನು?"

"ಹಂಗಾದ್ರ ನಾ ಮಾಡೀನೇನು? ಚೇತು, ನಂಗ ಭಾಳ ಅರ್ಜೆಂಟ್ ಮಾತೈತಿ."

"ನಂಗೂ ಐತಿ. ನಮ್ಮ ಕ್ಲಾಸಿನ್ಯಾಗ ಹಲ್ಲಿ ಬಾಲ ಕಟ್ ಆಗೇತಿ."

ಹಲ್ಲಿಯ ಬಾಲವಂತೆ. ಶಾಂಭವಿಗೆ ಅಳು ಬರುವಷ್ಟು ಸಿಟ್ಟು ಬಂತು. ಅವಳು ಶನಿವಾರ ಖೋ ಖೋ ಟೀಮಿಗೆ ಸೆಲೆಕ್ಟ್ ಆಗಿದ್ದಳು. ಟೀಮು ವರಂಗಲ್‌ಗೆ ಹೋಗಬೇಕಿತ್ತು. ಅವ್ವನನ್ನು ಕೇಳಿದರೆ, "ನಿಮ್ಮಪ್ಪನ್ನ ಕೇಳು," ಎಂದಿದ್ದಳು. ಪಿಟಿ ಸರ್ ಅಂತೂ ಮಂಗಳವಾರ ಪ್ರೇಯರ್‌ಗೆ ಮೊದಲು ಮನೆಯಲ್ಲಿ ಕೇಳಿಬಂದು ಹೂಂ ಅನ್ನದಿದ್ದರೆ ಆ ಜಾಗ ವನಜಾಗೆ ಎಂದು ಹೇಳಿಬಿಟ್ಟಿದ್ದರು.

"ಲಗೂ ಹತ್ರಿ," ಎಂದ ಅಪ್ಪ. ಅಷ್ಟರಲ್ಲಿ ಚೇತು ಅವಳ ತೋಳಿನ ಕೆಳಗೆ ನುಸುಳಿ ಮುಂದೆ ಕೂತುಬಿಟ್ಟ.

ಕಾರು ಹೊರಟಿತು. ಹಲ್ಲಿಯ ಕತೆಯೂ ಹೊರಟಿತು. ಬಾಲ ಎಲ್ಲಿ ಬಿತ್ತು, ಹೇಗೆ ಕುಣಿಯಿತು, ಯಾರು ಚೀರಿದರು ಎಂದು ಮುಗಿಯುವ ಹಾಗೇ ಇರಲಿಲ್ಲ. ಶಾಂಭವಿ ತಡೆಯುವಷ್ಟು ತಡೆದಳು.

"ಅಪ್ಪಾ, ನಾ ಒಂದು ಮಾತು..."

"ಅಕ್ಕ ರೂಲ್ ಮುರದ್ಲು. ಅಪ್ಪಾ, ಹಿಂದ ಕುಂತು ಮಾತಾಡಾಕತ್ತಾಳ."

ಶಾಂಭವಿ ಅವನ ಕಾಲರ್ ಹಿಡಿದಳು. ಅವನು ವಾಟರ್ ಬಾಟಲ್ ಬೀಸಿದ. ಅದು ಅವಳಿಗೆ ತಾಗದೆ ಅಪ್ಪನ ಮೊಣಕೈಗೆ ತಾಗಿತು. ಕಾರು ಒಂದು ಕಡೆ ಎಳೆಯಿತು, ಪಕ್ಕದ ಆಟೋದವನು ತೆಲುಗಿನಲ್ಲಿ ಬೈದುಕೊಂಡು ಹೋದ.

ಅಪ್ಪ ಬೈಯಲಿಲ್ಲ. ರೈಲ್ವೆ ಗೋಡೆಯ ಪಕ್ಕ ಬೇವಿನ ಮರದ ನೆರಳಿಗೆ ಕಾರು ನಿಲ್ಲಿಸಿ, ಗಾಜು ಇಳಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬೈದಿದ್ದರೇ ಚೆನ್ನಾಗಿತ್ತು ಎಂದು ಇಬ್ಬರಿಗೂ ಅನ್ನಿಸಿತು.

"ಶಾಂಭವಿ, ಇಳಿ. ಇಬ್ರೂ ಮುಂದ ಕುಂದರ್ರಿ," ಎಂದ. "ನನಗ ಸಾಕಾಗೇತಿ. ಪಾಳಿ ಯಾರದಂತ ತೀರ್ಮಾನ ಮಾಡ್ರಿ. ಆದ ಮ್ಯಾಲ ನನ್ನ ಎಬ್ಬಸ್ರಿ."

ಅವನು ಹಿಂದಿನ ಸೀಟಿನಲ್ಲಿ ಕಾಲು ಮಡಚಿ, ಅವಳ ಸ್ಕೂಲ್ ಬ್ಯಾಗನ್ನೇ ತಲೆಗೆ ಇಟ್ಟುಕೊಂಡು ಮಲಗಿದ. ಚೇತು ಡ್ರೈವರ್ ಸೀಟಿನಲ್ಲಿ, ಶಾಂಭವಿ ಪಕ್ಕದಲ್ಲಿ ಕೂತರು.

"ಯಾರೂ ಮುಂದ ಬ್ಯಾಡ. ದಿನಾ ಇಬ್ರೂ ಹಿಂದ ಕೂಡೋಣು," ಎಂದ ಚೇತು.

"ಅದೆಂಥಾ ನ್ಯಾಯನೋ?"

"ಸಮ ಆತಲ್ಲ. ನಿನಗೂ ಇಲ್ಲ, ನನಗೂ ಇಲ್ಲ."

ಶಾಂಭವಿ ಹಣೆ ಚಚ್ಚಿಕೊಂಡಳು. ಇವನಿಗೆ ಹೇಗೆ ತಿಳಿಸುವುದು? "ನೋಡಿಲ್ಲಿ. ರೈಲ್ವೆ ಗೇಟ್ ತನಕ ನೀ ಮಾತಾಡು. ಗೇಟ್ ದಾಟಿದ ಮ್ಯಾಲ ನಾ ಮುಂದ ಬರ್ತೀನಿ."

ಚೇತು ಯಾವ ಅರ್ಧ ಉದ್ದ ಎಂದು ಯೋಚಿಸಿದ. "ಮುಂದ ನನ್ನ ದಿನ ಬಂದ್ ಆದ್ರ?"

"ನಿನಗೂ ಕೊಡ್ತೀನಿ."

"ದೇವರಾಣಿ?"

"ದೇವರಾಣಿ."

ಮುಗಿಯಿತು. ಇನ್ನೂ ಹೊತ್ತಿತ್ತು, ಪಿಟಿ ಸರ್ ಸಿಗುತ್ತಿದ್ದರು. ಶಾಂಭವಿ ಖುಷಿಯಿಂದ ಹಿಂದಕ್ಕೆ ತಿರುಗಿದಳು.

ಅಪ್ಪನ ಬಾಯಿ ತೆರೆದಿತ್ತು. ಒಂದು ಚಪ್ಪಲಿ ಕಾಲಿನಿಂದ ಜಾರಿ ಬಿದ್ದಿತ್ತು. ಗೋಡೆಯಾಚೆ ರೈಲೊಂದು ಕೂಗುತ್ತಾ ಹೋಯಿತು, ಅವನು ಅಲುಗಲಿಲ್ಲ. ಮನೆಯಲ್ಲಿ ಚಮಚ ಬಿದ್ದರೂ ಏಳುವ ಅಪ್ಪ ಇವನೇ ಏನು ಎಂದು ಅವಳು ನೋಡುತ್ತಾ ಕೂತಳು.

ಪಕ್ಕದ ಮನೆಯ ಕುಮುದಾ ಇದೇ ಶಾಲೆಗೆ ದಿನಾ ನಡೆದು ಹೋಗುತ್ತಾಳೆ. ತಾವೂ ಹೋಗಬಹುದು. ಕೊನೆಯವರನ್ನು ಮನೆಗೆ ಬಿಟ್ಟ ಮೇಲೆ ಅಪ್ಪ ನೇರವಾಗಿ ಬಂದು ಮಲಗಬಹುದು. ಆದರೂ ದಿನಾ ಬಾಗಿಲ ಮುಂದೆ ಕಾರು ನಿಲ್ಲಿಸಿಕೊಂಡು, ತಾವು ಟೈ ಕಟ್ಟಿ ಮುಗಿಸುವ ತನಕ ಕಾಯುತ್ತಾನೆ. ಸೋಮವಾರ ತನ್ನದು, ಮಂಗಳವಾರ ಚೇತುವಿನದು. ಅಪ್ಪನ ದಿನ ಯಾವುದು?

"ಎಬ್ಬಸು ಅಕ್ಕಾ," ಎಂದು ಚೇತು ಹಾರ್ನಿಗೆ ಕೈ ಹಾಕಿದ.

ಅವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಸುಮ್ಮಕಿರು."

"ಲೇಟ್ ಆಗ್ತೈತಿ. ನಡಕೊಂತ ಹೋಗೋಣೇನು?"

"ಬ್ಯಾಗ್ ಅಪ್ಪನ ತಲಿ ಬುಡಕ ಐತಿ."

"ನಿನ್ನ ಅರ್ಜೆಂಟ್ ಮಾತು?"

ಶಾಂಭವಿ ಕಿಟಕಿಯಾಚೆ ರಸ್ತೆ ನೋಡಿದಳು. ಯೂನಿಫಾರ್ಮಿನ ಮಕ್ಕಳು ಗುಂಪುಗುಂಪಾಗಿ ಹೋದರು. ಆಮೇಲೆ ಒಬ್ಬಿಬ್ಬರು ಓಡುತ್ತಾ ಹೋದರು. ಆಮೇಲೆ ಯಾರೂ ಇಲ್ಲ. ಈಗ ಪಿಟಿ ಸರ್ ವನಜಾಳನ್ನು ಕರೆದಿರುತ್ತಾರೆ. ಶಾಂಭವಿಗೆ ಬಂದ್ ಮಾಡಿದವರ ಮೇಲೆ, ಹಲ್ಲಿಯ ಮೇಲೆ, ಇಡೀ ಮಾದಾಪುರದ ಮೇಲೆ ಸಿಟ್ಟು ಬಂತು. ಆದರೂ ಚೇತುವಿನ ಕೈ ಬಿಡಲಿಲ್ಲ.

ಹಿಂದಿನಿಂದ ಅಪ್ಪನ ದನಿ ಬಂತು. ಅವನ ಕಣ್ಣು ಅರ್ಧ ಮುಚ್ಚಿಕೊಂಡೇ ಇತ್ತು.

"ಆತೇನವಾ ತೀರ್ಮಾನ?"

ಚೇತು ಬಾಯಿ ತೆರೆದ. ಶಾಂಭವಿ ಅದನ್ನು ಅಂಗೈಯಿಂದ ಮುಚ್ಚಿದಳು.

"ಇನ್ನಾ ಇಲ್ಲಪ್ಪಾ. ಭಾಳ ಹೊತ್ತ ಹಿಡೀತೈತಿ. ನೀ ಮಲಕೋ."

"ಎಂಥಾ ಜಗಳಗಂಟ ಮಕ್ಕಳು," ಎಂದು ಗೊಣಗಿ ಅಪ್ಪ ಮಗ್ಗುಲು ಬದಲಿಸಿ ಮಲಗಿದ.