ಆಳುಬೇರಿನ ಸಾರ

ಬಹಳ ಹಿಂದೆ, ಹುಲಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಹಿಮಬೆಟ್ಟಗಳ ನಡುವೆ ಶೀತಳಾವತಿ ಎಂಬ ರಾಜ್ಯವಿತ್ತು. ಅದನ್ನು ಆಳುತ್ತಿದ್ದ ಚಿತ್ರಕೇತು ಮಹಾರಾಜ ಒಂದು ಚಳಿಗಾಲದಲ್ಲಿ ಹಾಸಿಗೆ ಹಿಡಿದ. ಕೈಕಾಲಿನ ಬಲ ಹೋಯಿತು, ಅನ್ನ ರುಚಿಸದಾಯಿತು. ವೈದ್ಯರು ಕೈಚೆಲ್ಲಿದರು.

ಆಗ ಜಂಭಕ ಎಂಬ ಮಾಂತ್ರಿಕ ಬಂದ. ಅವನ ಜೋಳಿಗೆಯಲ್ಲಿ ಒಂದು ಬೇರಿತ್ತು. ಅದಕ್ಕೆ ಮನುಷ್ಯನ ಹಾಗೆ ಕೈಗಳಿದ್ದವು, ಕಾಲುಗಳಿದ್ದವು. ದೂರದೇಶದವರು ಅದನ್ನು ಜಿನ್ಸೆಂಗ್ ಎನ್ನುತ್ತಿದ್ದರು, ಶೀತಳಾವತಿಯ ಜನ ಆಳುಬೇರು ಎಂದರು. ಜಂಭಕ ಪರದೆಯ ಹಿಂದೆ ಕೂತು ಕಷಾಯ ಕಾಯಿಸಿದ. ಕುಡಿದ ರಾಜ ಎದ್ದು ಕೂತ. ಮರುದಿನ ಕುದುರೆ ಏರಿದ. ಊರೆಲ್ಲ ತೋರಣ ಕಟ್ಟಿತು.

ರಾಜಕುಮಾರ ಸುಧನ್ವನಿಗೆ ಮಾತ್ರ ಏನೋ ಸರಿಯಿಲ್ಲ ಅನ್ನಿಸಿತು. ಅಪ್ಪ ಕುದುರೆ ಏರುತ್ತಿದ್ದ, ಆದರೆ ಅದರ ಹೆಸರು ಮರೆತಿದ್ದ. ಮಗ ಎದುರಾದರೆ ಯಾರೋ ಅತಿಥಿ ಬಂದಂತೆ ಕುಶಲ ಕೇಳುತ್ತಿದ್ದ. ಜಂಭಕ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದ. ಕೋಟೆಯ ಬೀಗದಕೈ ಆಗಲೇ ಜಂಭಕನ ಸೊಂಟದಲ್ಲಿತ್ತು. ಬರುವ ಹುಣ್ಣಿಮೆಗೆ ಕಿರೀಟವನ್ನೂ ಅವನಿಗೇ ಕೊಡುವುದಾಗಿ ರಾಜ ಡಂಗುರ ಸಾರಿಸಿದ.

ಸುಧನ್ವ ಅರಮನೆಯ ವೈದ್ಯೆ ಕೇತಕಿಯ ಬಳಿ ಹೋದ. ಆ ಬೇರು ವಿಷವೆಂದು ಅವಳು ಹೇಳಿಬಿಟ್ಟರೆ ಸಾಕಿತ್ತು ಅವನಿಗೆ. ಅವಳು ಹೇಳಲಿಲ್ಲ.

"ನಿನಗೆ ಬೇರಿನ ಮೇಲೂ ಅನುಮಾನ, ಮಾಂತ್ರಿಕನ ಮೇಲೂ ಅನುಮಾನ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡ, ಕುಮಾರ. ಒಂದು ಬೇರಿನೊಳಗೆ ಹಲವು ಸಾರಗಳಿರುತ್ತವೆ. ಬಿಡಿಸಿ ನೋಡದೆ ನಾನು ಏನೂ ಹೇಳಲಾರೆ" ಎಂದಳು.

ಇಬ್ಬರೂ ಆಳುಬೇರು ಬೆಳೆಯುವ ಕಣಿವೆಗೆ ಹೋದರು. ಅದನ್ನು ಕಾಯುತ್ತಿದ್ದದ್ದು ಒಂದು ಮುದಿ ಹುಲಿ. ಬೇರಿಗಾಗಿ ಬಂದವರೆಲ್ಲ ತನಗೆ ಸುಳ್ಳು ಹೇಳಿದವರೇ ಎಂದಿತು ಅದು. ಈ ಬೇರು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ತಿಳಿಯಲು ಬಂದಿದ್ದೇವೆ ಎಂದು ಸುಧನ್ವ ಹೇಳಿದ. ಹುಲಿ ನಂಬಲಿಲ್ಲ. ಆದರೆ ಅದರ ಕೀಲುಗಳಲ್ಲಿ ನೋವಿತ್ತು, ಬೇರಿನಿಂದ ಅದು ಕಡಿಮೆಯಾದೀತೆಂಬ ಆಸೆಯೂ ಇತ್ತು. "ನೀನು ಮೊದಲು ಕುಡಿ, ಆಮೇಲೆ ನಾನು. ಮೋಸವಾದರೆ ನಿನ್ನನ್ನು ಬಿಡುವುದಿಲ್ಲ" ಎಂದಿತು.

ಕೇತಕಿ ಬೇರನ್ನು ಕುದಿಸಿ ಮೊದಲು ನೊರೆಯನ್ನು ಬೇರೆ ಮಾಡಿದಳು. ಸುಧನ್ವ ಕುಡಿದ, ಹುಲಿ ನೆಕ್ಕಿತು. ಹುಲಿಯ ಕುಂಟು ಸ್ವಲ್ಪ ಕಡಿಮೆಯಾಯಿತು. ಮರುದಿನ ತಳದ ಕಹಿರಸ ಕೊಟ್ಟಳು. ಮೈ ಬೆಚ್ಚಗಾಯಿತು, ಎದೆ ಡವಡವ ಎಂದಿತು, ಇಬ್ಬರಿಗೂ ನಿದ್ದೆ ಹತ್ತಲಿಲ್ಲ.

"ಬಿಡಿಬಿಡಿಯಾಗಿ ಸುಮ್ಮನಿದ್ದದ್ದು ಒಟ್ಟು ಸೇರಿದಾಗ ಕೆಡುಕು ಮಾಡಬಹುದು" ಎಂದು ಮೂರನೆಯ ಸಲ ಎಲ್ಲವನ್ನೂ ಕೂಡಿಸಿದಳು.

ಸುಧನ್ವ ಬಟ್ಟಲನ್ನು ಕೈಗೆ ತೆಗೆದುಕೊಂಡ. ತಾನೂ ಅಪ್ಪನನ್ನು ಮರೆತರೆ? ಕಣ್ಣು ಮುಚ್ಚಿ ಕುಡಿದ. ಹುಲಿಯೂ ಕುಡಿಯಿತು. ಕೇತಕಿ ಸೂರ್ಯ ಇಳಿಯುವವರೆಗೂ ಕಾದಳು, ಆಮೇಲೆ ಕೇಳಿದಳು: "ನಿನಗೆ ಈಜು ಕಲಿಸಿದವರು ಯಾರು?"

"ಅಪ್ಪ. ಕೊಳದ ನೀರು ತಣ್ಣಗಿತ್ತು. ನಾನು ಅತ್ತೆ. ಅಪ್ಪ ನಕ್ಕರು, ಕೈ ಬಿಡಲಿಲ್ಲ." ಹೇಳುತ್ತಾ ಅವನಿಗೆ ಅಳು ಬಂತು.

ಬೇರಿನಲ್ಲಿ ಮರೆಸುವ ಗುಣವಿಲ್ಲ. ಹಾಗಾದರೆ ಪರದೆಯ ಹಿಂದೆ ಇನ್ನೇನೋ ಸೇರುತ್ತಿದೆ.

ಹುಣ್ಣಿಮೆಯ ದಿನ ಬೆಳಗ್ಗೆ ತುಂಬಿದ ಸಭೆಗೆ ಸುಧನ್ವ, ಕೇತಕಿ, ಹುಲಿ ಮೂವರೂ ಬಂದರು. ಪರದೆಯ ಹಿಂದೆ ಜಂಭಕ ಕಷಾಯ ಕಾಯಿಸುತ್ತಿದ್ದ. ಎಲ್ಲರೆದುರು ಕಾಯಿಸೆಂದು ಸುಧನ್ವ ಕೇಳಿದ. ದೇವರು ಕೊಟ್ಟ ಬೇರನ್ನು ಶಂಕಿಸುವುದು ಪಾಪವೆಂದು ಒಳಗಿನಿಂದ ಉತ್ತರ ಬಂತು. ಹುಲಿ ಪಂಜ ಎತ್ತಿ ಪರದೆಯನ್ನು ಹರಿದುಹಾಕಿತು.

ಜಂಭಕ ಕಲ್ಲಿನ ಮೇಲೆ ಬೇರಿನ ಜೊತೆ ರಾಜನ ನೆರಳನ್ನು ಅರೆಯುತ್ತಿದ್ದ. ನೆರಳು ಅರ್ಧ ಸವೆದುಹೋಗಿತ್ತು. ಆ ನೆರಳಿನಿಂದ ರಾಜನ ಮುಂದಿನ ದಿನಗಳ ಬಲವನ್ನೇ ತೆಗೆದು ಅವನಿಗೇ ಕುಡಿಸುತ್ತಿದ್ದ, ಜೊತೆಗೆ ಅವನ ಮನಸ್ಸನ್ನೂ ತನ್ನ ವಶ ಮಾಡಿಕೊಂಡಿದ್ದ. ಸುಧನ್ವ ಆ ಕಲ್ಲನ್ನು ಎತ್ತಿ ನೆಲಕ್ಕೆ ಬಡಿದ. ಕಲ್ಲು ಒಡೆಯಿತು. ನೆರಳು ತೆವಳಿಕೊಂಡು ಹೋಗಿ ರಾಜನ ಪಾದ ಸೇರಿತು. ಮಾಟ ಮುರಿದದ್ದೇ ಜಂಭಕ ಬೂದಿಯಾಗಿ ಉದುರಿದ.

ರಾಜ ಸಿಂಹಾಸನದಿಂದ ಕುಸಿದ. ಮೊದಲಿಗಿಂತ ನಿಶ್ಶಕ್ತನಾಗಿದ್ದ. ಆದರೆ ಮಗನನ್ನು ಹೆಸರು ಹಿಡಿದು ಕರೆದ.

ಕೇತಕಿ ಸಭೆಯ ಎದುರಿಗೇ ಆಳುಬೇರು ಕುದಿಸಿ ನೊರೆಯ ಸಾರ ತಂದಳು. ರಾಜ ಬಟ್ಟಲನ್ನು ಸಂಶಯದಿಂದ ನೋಡಿದ. ಇದು ತನ್ನನ್ನು ಮೊದಲಿನಂತೆ ಮಾಡುತ್ತದೆಯೇ ಎಂದು ಕೇಳಿದ.

"ಇಲ್ಲ ಅಪ್ಪಾಜಿ" ಎಂದ ಸುಧನ್ವ. "ಸ್ವಲ್ಪ ಬಲ ಬರಬಹುದು. ನಿಧಾನವಾಗಿ. ಅದಕ್ಕಿಂತ ಹೆಚ್ಚು ನಮಗೆ ಗೊತ್ತಿಲ್ಲ."

ರಾಜ ಮಗನ ಮುಖ ನೋಡಿದ. "ಹಾಗಾದರೆ ಕೊಡು" ಎಂದು ಕೈ ಚಾಚಿದ.

ವಸಂತ ಬಂದಾಗ ರಾಜ ಊರುಗೋಲು ಹಿಡಿದು ಅಂಗಳದವರೆಗೆ ನಡೆದ. ಅಲ್ಲಿ ಹುಲಿಯ ಪಕ್ಕ ಬಿಸಿಲಿಗೆ ಕೂತ. ಕಂಡದ್ದನ್ನು ಕಂಡಂತೆ ಹೇಳುವ ವೈದ್ಯರಿದ್ದ ಆ ನಾಡಿನಲ್ಲಿ ಶೀತಳಾವತಿಯ ಜನ ಮಕ್ಕಳುಮರಿಗಳೊಂದಿಗೆ ನೆಮ್ಮದಿಯಾಗಿ ಬಾಳಿದರು.